ಬಾಯಿಮಾತಿನ ಆದೇಶ

ಕರಿಮಡ್ಡಿ, ಇಂಡಿ ತಾಲೂಕು
12 ಆಗಸ್ಟ್ 2023

ವಸುಧಾ,

ಹದಿಮೂರು ವರ್ಷದ ಮೇಲೆ ನನ್ನ ಅಕ್ಷರ ಕಂಡು ಯಾರು ಸತ್ತರೋ ಅಂತ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನಾನು ಗ್ರಾಮ ಪಂಚಾಯ್ತಿ ಅಧ್ಯಕ್ಷೆಯಾಗಿದ್ದೇನೆ, ಅಷ್ಟೇ.

ನಗು, ನಗು. ಸಿಂದಗಿಯ ಹಾಸ್ಟೆಲಿನಲ್ಲಿ ನಿನಗೆ ಪಂಚಾಯತ್ ರಾಜ್ ಕಾಯ್ದೆಯನ್ನು ಬಾಯಿಪಾಠ ಮಾಡಿಸಿದವಳು ನಾನು. ಪರೀಕ್ಷೆ ಬರೆದು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಪಿಡಿಒ ಆದವಳು ನೀನು. ಪರೀಕ್ಷೆಯ ಹಿಂದಿನ ವಾರವೇ ನಮ್ಮ ಮನೆಯಲ್ಲಿ ನನ್ನ ಮದುವೆ ಇಟ್ಟುಕೊಂಡರು. ಈಗ ನಿನಗೆ ಬಡ್ತಿಯೂ ಆಗಿ ತಾಲೂಕು ಮಟ್ಟದ ಸಾಹೇಬಳಾಗಿದ್ದೀಯಂತೆ. ಹೊಟ್ಟೆಕಿಚ್ಚಾಯಿತು. ಸುಳ್ಳು ಯಾಕೆ ಹೇಳಲಿ?

ಈ ಸಲ ಅಧ್ಯಕ್ಷರ ಕುರ್ಚಿ ಹೆಂಗಸರಿಗೆ ಮೀಸಲು ಬಂತು. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ಹೆಸರಿಗೆ ನನ್ನನ್ನು ಸದಸ್ಯೆ ಮಾಡಿ, ಮೂರು ವರ್ಷದಿಂದ ಅದರ ಮೇಲೆ ಕಣ್ಣಿಟ್ಟಿದ್ದವರು ನಮ್ಮ ಮನೆಯವರು, ಸಂಜೀವಕುಮಾರ. ಆಯ್ಕೆಯಾದ ದಿನ ಹಾರ ಅವರ ಕೊರಳಿಗೇ ಬಿತ್ತು. ಫೋಟೋದಲ್ಲಿ ನಾನೂ ಇದ್ದೇನೆ, ಮೂಲೆಯಲ್ಲಿ, ಅರ್ಧ ಮುಖ. ಅಧ್ಯಕ್ಷರಿಗೆ ಒಂದು ಡೋಂಗಲ್ ಕೊಡುತ್ತಾರೆ, ಹೆಬ್ಬೆರಳಿನಷ್ಟು ಉದ್ದ. ಅದನ್ನು ಕಂಪ್ಯೂಟರಿಗೆ ಚುಚ್ಚಿದರೆ ಅಧ್ಯಕ್ಷರ ಸಹಿ ಬಿದ್ದಂತೆ. ಅದು ಅವರ ಅಂಗಿಯ ಕಿಸೆಯಲ್ಲಿದೆ. ಡೋಂಗಲ್ಲಿಗೆ ಬೇಕಾದ ಗುಪ್ತ ಸಂಖ್ಯೆ ನನ್ನ ಫೋನಿಗೆ ಬರುತ್ತದೆ, ಹಾಗಾಗಿ ಫೋನೂ ಅವರ ಹತ್ತಿರವೇ. "ನಿನಗ್ಯಾಕ ಈ ತಲಿನೋವು? ನೀ ಆರಾಮ ಇರು," ಅಂದರು.

ಅದಕ್ಕೇ ಈ ಕಾಗದ. ಪಂಚಾಯ್ತಿಯಲ್ಲಿ ಯಾರ ಕೈಯಲ್ಲಿ ಏನಿದೆ, ನನ್ನದು ಅಂತ ಏನುಳಿದಿದೆ, ಬಿಡಿಸಿ ಬರೆ. ಉತ್ತರವನ್ನು ಅಂಗನವಾಡಿ ಟೀಚರ್ ಸಾಬೀರಾ ಅವರ ವಿಳಾಸಕ್ಕೆ ಹಾಕು. ಆಕೆ ನನ್ನ ಕೈಗೇ ಕೊಡುತ್ತಾಳೆ.

ನಿನ್ನ
ಸುವರ್ಣಾ


ಮುದ್ದೇಬಿಹಾಳ
27 ಆಗಸ್ಟ್ 2023

ಪ್ರೀತಿಯ ಸುವೀ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ನಕ್ಕೆ, ಎರಡನೆಯ ಸಲ ನಾಚಿಕೆಯಾಯಿತು. ನಾನೇ ಬರೆಯಬಹುದಿತ್ತಲ್ಲ ಇಷ್ಟು ವರ್ಷ.

ಯಾರ ಕೈಯಲ್ಲಿ ಏನಿದೆ ಅಂತ ಕೇಳಿದ್ದೀಯ. ಕಾಯ್ದೆಯಲ್ಲಿರುವುದನ್ನು ನೀನೇ ನನಗೆ ಕಲಿಸಿದವಳು, ಅದು ಬಿಡು. ಇರುವ ಸಂಗತಿ ಹೇಳುತ್ತೇನೆ. ಕಡತ ಪಿಡಿಒ ಕೈಯಲ್ಲಿ. ಅಳತೆಯ ಪುಸ್ತಕ ಎಂಜಿನಿಯರ್ ಕೈಯಲ್ಲಿ. ಮಂಜೂರಾತಿ ಮೇಲಿನವರ ಕೈಯಲ್ಲಿ. ಒಬ್ಬರ ಸಹಿ ಇಲ್ಲದೆ ಇನ್ನೊಬ್ಬರದು ನಡೆಯುವುದಿಲ್ಲ, ಹೀಗಾಗಿ ಕೆಲಸ ಆಗದಿದ್ದಾಗ ಪ್ರತಿಯೊಬ್ಬರಿಗೂ ತೋರಿಸಲು ಇನ್ನೊಬ್ಬರಿರುತ್ತಾರೆ. ಇದು ಭಾಳ ಅನುಕೂಲದ ವ್ಯವಸ್ಥೆ ಸುವೀ, ಒಳಗೆ ಕೂತವರಿಗೆ. ನಾನೂ ಒಳಗೇ ಕೂತಿದ್ದೇನೆ.

ನನ್ನ ಮಾತು ಕೇಳು. ಡೋಂಗಲ್ ಸಲುವಾಗಿ ಗಂಡನ ಜೊತೆ ಜಗಳ ತೆಗೆಯಬೇಡ. ಇಂಥ ಅಧ್ಯಕ್ಷೆಯರನ್ನು ಹತ್ತು ಹನ್ನೆರಡು ಮಂದಿಯನ್ನು ನೋಡಿದ್ದೇನೆ. ಜಗಳ ತೆಗೆದವರು ಆರು ತಿಂಗಳಲ್ಲಿ ತವರಿನಲ್ಲಿದ್ದರು. ನೀನು ಕಾಗದದ ತಂಟೆಗೇ ಹೋಗಬೇಡ. ಏನನ್ನೂ ಬರೆದು ಕೊಡಬೇಡ, ಬರೆದದ್ದು ಗಂಡನ ಕಣ್ಣಿಗೆ ಬೀಳುತ್ತದೆ. ನಿಜವಾಗಿ ಕೆಲಸ ಮಾಡುವವರನ್ನು ಹಿಡಿ: ನೀರು ಬಿಡುವವನು, ಕಸ ಗುಡಿಸುವವರು, ದೀಪ ಹಾಕುವವನು. ಅವರಿಗೆ ಬಾಯಿಂದ ಹೇಳು. ಅವರು ಕೇಳುತ್ತಾರೆ. ಅಧಿಕಾರ ನಡೆಸುವ ದಾರಿ ಅದೊಂದೇ ಉಳಿದಿರುವುದು, ನಂಬು.

ನಿನ್ನ
ವಸೂ


ಕರಿಮಡ್ಡಿ
18 ಏಪ್ರಿಲ್ 2024

ವಸೂ,

ಎಂಟು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಆಗಸ್ಟ್ ಹದಿನೈದಕ್ಕೆ, ಜನವರಿ ಇಪ್ಪತ್ತಾರಕ್ಕೆ ಧ್ವಜದ ಹಗ್ಗ ಜಗ್ಗಿದೆ. ಉಳಿದ ದಿನ ರೊಟ್ಟಿ ಬಡಿದೆ.

ಆದರೆ ನಿನ್ನೆ ನಾನು ಅಧ್ಯಕ್ಷೆಯಾದೆ. ಅದನ್ನು ನಿನಗಲ್ಲದೆ ಇನ್ನಾರಿಗೆ ಹೇಳಲಿ!

ಮೂರನೇ ವಾರ್ಡಿನಲ್ಲಿ ಕುಡಿಯುವ ನೀರಿನ ಪೈಪು ಗಟಾರದೊಳಗೆ ಒಡೆದು ಐದು ದಿನವಾಗಿತ್ತು. ನಮ್ಮ ವಾಟರ್‌ಮನ್ ಅಮಸಿದ್ದ ಒಡೆದ ದಿನವೇ ಆ ಓಣಿಗೆ ನೀರು ಬಿಡುವ ವಾಲ್ ಬಂದ್ ಮಾಡಿ ಪಂಚಾಯ್ತಿಗೆ ಬಂದು ಹೇಳಿದ. ಪಿಡಿಒ, ಎಂಜಿನಿಯರ್ ಅಂದಾಜುಪಟ್ಟಿ ಕೊಡಲಿ ಅಂದರು. ಎಂಜಿನಿಯರ್, ಪಂಚಾಯ್ತಿ ಸಭೆ ಸೇರಿ ಠರಾವು ಪಾಸು ಮಾಡಲಿ ಅಂದ. ಲೋಕಸಭೆ ಚುನಾವಣೆ ಮುಗಿಯುವ ತನಕ ಹೊಸ ಕೆಲಸ ಹಿಡಿಯುವಂತಿಲ್ಲ ಅಂತ ಮತ್ತೆ ಪಿಡಿಒ. ಕುಡಿಯುವ ನೀರಿಗೆ ಆ ನಿಯಮ ಇಲ್ಲ ಅಂತ ನನಗೆ ಗೊತ್ತು. ಅವರಿಗೂ ಗೊತ್ತು. ನಮ್ಮ ಮನೆಯವರು ಮಾತ್ರ ನಿಜ ಹೇಳಿದರು: "ಅದು ಅಪ್ಪಾಸಾಬನ ವಾರ್ಡ್ ಐತಿ. ನಿನ್ನ ಇಲೆಕ್ಷನ್ನಿನ್ಯಾಗ ವಿರುದ್ಧ ಕೈ ಎತ್ತಿದಾಂವ. ಒಣಗ್ಲಿ ಒಂದೀಟು." ಅಪ್ಪಾಸಾಬ ನಮ್ಮ ಉಪಾಧ್ಯಕ್ಷ.

ನಿನ್ನೆ ಮಧ್ಯಾಹ್ನ ಮನೆಯವರು ಪ್ರಚಾರಕ್ಕೆ ಝಳಕಿಗೆ ಹೋಗಿದ್ದರು. ಆ ಓಣಿಯ ಹದಿನೈದು ಹೆಂಗಸರು ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮುಂದೆ ಚಂದವ್ವ, ಎಪ್ಪತ್ತರ ಮುದುಕಿ. "ಯವ್ವಾ, ನಿನ ಗಂಡನ್ನ ಕೇಳಾಕ ಬಂದಿಲ್ಲ ನಾವು. ನೀ ಅಧ್ಯಕ್ಷಿ ಅದಿ. ನಿನ್ನ ಬಾಯಿಂದ ಒಂದು ಮಾತು ಹೇಳು, ಸಾಕು," ಅಂದಳು. ಎಂಟು ತಿಂಗಳಲ್ಲಿ ಆ ಮಾತು ಯಾರೂ ನನಗೆ ಅಂದಿರಲಿಲ್ಲ ವಸೂ.

ಅಮಸಿದ್ದನನ್ನು ಕರೆಸಿದೆ. ವಾಲ್ ಬಿಡು ಅಂದೆ.

"ಪೈಪು ಗಟಾರದಾಗ ಒಡದೈತ್ರಿ ಅಕ್ಕಾವ್ರ. ಹೊಲಸ ಒಳಗ ಹೊಕ್ಕತೈತಿ."

"ಮೊದಲಿನ ಅರ್ಧ ತಾಸಿನ ನೀರು ಚೆಲ್ಲಲಿ. ಆಮ್ಯಾಲ ತುಂಬಿ, ಕಾಸಿ ಕುಡಿಲಿ. ನಾಕು ದಿನದಾಗ ರಿಪೇರಿ ಮಾಡಸ್ತೇನಿ."

ಅವನು ತಲೆ ಕೆರೆದುಕೊಂಡು ನಿಂತ. "ಹಂಗಾರ ಒಂದು ಚೀಟಿ ಬರದು ಕೊಡ್ರಿ."

ನಿನ್ನ ಮಾತು ನೆನಪಾಯಿತು. "ಚೀಟಿ ಯಾಕ? ನಾ ಹೇಳಾಕತ್ತೇನಲ್ಲ," ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದ. "ನೀವು ಹೇಳಿದ್ರಂದ್ರ ಆತ್ರಿ," ಅಂದು ಹೋದ. ಹತ್ತು ನಿಮಿಷಕ್ಕೆ ಮೂರನೇ ವಾರ್ಡಿನಲ್ಲಿ ನೀರು ಬಂತು.

ನನ್ನ ಮೊದಲನೇ ಆದೇಶ!

ನಿನ್ನ
ಸುವರ್ಣಾ, ಅಧ್ಯಕ್ಷೆ


ಮುದ್ದೇಬಿಹಾಳ
25 ಏಪ್ರಿಲ್ 2024

ಸುವೀ,

ಚುನಾವಣೆ ಕೆಲಸದಲ್ಲಿ ಉಸಿರಾಡಲೂ ಪುರಸೊತ್ತಿಲ್ಲ, ಎರಡೇ ಸಾಲು. ಶಾಬ್ಬಾಸ್! ಹೀಗೇ ನಡೆಸು. ಚೀಟಿ ಕೊಡದಿದ್ದದ್ದು ಭಾಳ ಛಲೋ ಆಯಿತು.

ವಸೂ


ಕರಿಮಡ್ಡಿ
9 ಮೇ 2024

ವಸೂ,

ಚಂದವ್ವ ತೀರಿಕೊಂಡಳು.

ಏಪ್ರಿಲ್ ಇಪ್ಪತ್ತೆರಡರಿಂದ ಮೂರನೇ ವಾರ್ಡಿನಲ್ಲಿ ವಾಂತಿ-ಭೇದಿ ಸುರುವಾಯಿತು. ನಲವತ್ತೊಂದು ಜನ. ಅರ್ಧ ತಾಸು ನೀರು ಚೆಲ್ಲಿ ಅಂದರೆ ಐದು ದಿನ ಬಾಯಾರಿದವರು ಯಾರು ಚೆಲ್ಲುತ್ತಾರೆ? ಆ ಉರಿಬಿಸಿಲಲ್ಲಿ ನೀರು ಕಾಸಿ ಆರಿಸಿ ಯಾರು ಕುಡಿಯುತ್ತಾರೆ? ಅಷ್ಟೂ ತಿಳಿಯದೆ ಹೋಯಿತಲ್ಲ ನನಗೆ. ನಾಲ್ಕು ದಿನದಲ್ಲಿ ರಿಪೇರಿ ಅಂದಿದ್ದೆ, ಅದೂ ಆಗಲಿಲ್ಲ. ದಿನಾ ಮನೆಯವರಿಗೆ ಹೇಳಿದೆ, ದಿನಾ ಹ್ಞೂಂ ಅಂದರು. ಉಳಿದವರೆಲ್ಲ ಗುಣವಾಗಿ ಮನೆಗೆ ಬಂದರು. ಚಂದವ್ವ ಬರಲಿಲ್ಲ.

ಹೆಣ ಇಳಿಸಿದ ದಿನವೇ ಪೈಪು ಜೋಡಿಸಿದರು. ಅಂದಾಜುಪಟ್ಟಿ, ಠರಾವು, ಚುನಾವಣೆ, ಯಾವುದೂ ಅಡ್ಡ ಬರಲಿಲ್ಲ. ಎರಡು ತಾಸಿನ ಕೆಲಸ!

ಮೇಲಿನ ಸಾಹೇಬರು ಜೀಪಿನಲ್ಲಿ ಬಂದರು. ನಮ್ಮ ಮನೆಯ ಪಡಸಾಲೆಯಲ್ಲೇ ಕೂತರು. ಪಿಡಿಒ, ಎಂಜಿನಿಯರ್, ಮಾವ ರೇವಪ್ಪನವರು, ನಮ್ಮ ಮನೆಯವರು. ನಾನು ಚಹಾ ತಂದಿಟ್ಟೆ, ಒಳಗೆ ಬಂದು ಬಾಗಿಲ ಹಿಂದೆ ನಿಂತೆ. ಒಬ್ಬೊಬ್ಬರೂ ತಮ್ಮ ಕೈಯಲ್ಲಿ ಏನಿರಲಿಲ್ಲ ಅನ್ನುವುದನ್ನು ಹೇಳಿದರು. ಕೊನೆಗೆ ಮಾವನವರು, "ವಾಲ್ ಯಾರ ಕೈಯಾಗಿತ್ತು?" ಅಂತ ಕೇಳಿದರು. ಎಲ್ಲರಿಗೂ ಉಸಿರು ಬಂದಂತಾಯಿತು. ಅಮಸಿದ್ದನನ್ನು ಅಲ್ಲೇ ಕೆಲಸದಿಂದ ನಿಲ್ಲಿಸಿದರು.

ಆಮೇಲೆ ಅವನನ್ನು ಕರೆದು, ಯಾರು ಬಿಡು ಅಂದರು ಅಂತ ಕೇಳಿದರು. ಅವನು ಬಾಗಿಲ ಕಡೆ ನೋಡಲೂ ಇಲ್ಲ. "ಹೆಣ್ಮಕ್ಕಳು ನೀರಿಲ್ಲಂತ ಒದ್ದಾಡಾಕತ್ತಿದ್ರು, ಬಿಟ್ನಿರಿ," ಅಂದ, ಅಷ್ಟೇ.

ನಾನು ಹೊರಗೆ ಬಂದು ಹೇಳಬೇಕಿತ್ತು. ಹೆದರಿದೆ ವಸೂ. ನಾನು ಹೇಡಿ. ಬೇರೆ ತಾಲೂಕಿನಿಂದ ತನಿಖೆಗೆ ಯಾರೋ ಬರುತ್ತಾರಂತೆ. ಅವರ ಮುಂದೆ ಎಲ್ಲ ಹೇಳಿಬಿಡುತ್ತೇನೆ. ಹೇಗೆ ಹೇಳಬೇಕು, ತಿಳಿಸು. ಬೇಗ ಬರೆ.

ಸುವರ್ಣಾ


ಕರಿಮಡ್ಡಿ
11 ಜೂನ್ 2024

ವಸುಧಾ,

ಒಂದು ತಿಂಗಳು ನಿನ್ನ ಕಾಗದಕ್ಕೆ ಕಾದೆ. ಕಾಗದ ಬರಲಿಲ್ಲ, ನೀನೇ ಬಂದೆ.

ಜೀಪಿನಿಂದ ನೀನು ಇಳಿದಾಗ ನನಗೆ ಏನಾಯಿತು ಗೊತ್ತೇ? ದೇವರೇ ಕಳಿಸಿದ ಅನ್ನಿಸಿತು. ಓಡಿ ಬಂದು ಕೈ ಹಿಡಿಯಬೇಕು ಅಂತಿದ್ದೆ. ನೀನು ಕನ್ನಡಕ ಸರಿಮಾಡಿಕೊಂಡು, "ಅಧ್ಯಕ್ಷರು ನೀವೇ ಏನ್ರಿ? ನಿಮ್ಮ ಹೆಸರು?" ಅಂತ ಕೇಳಿದೆ. ನಾಲ್ಕು ವರ್ಷ ಒಂದೇ ಗಾದಿಯ ಮೇಲೆ ಮಲಗಿದವಳ ಹೆಸರು ಕೇಳಿದೆ ನೀನು! ನಾನು ಹೇಳಿದೆ. ನೀನು ಬರೆದುಕೊಂಡೆ.

"ನೀರಿನ ವಿಷಯದಾಗ ನಿಮಗೇನರ ಗೊತ್ತದ ಏನ್ರಿ?" ಅಂದೆ ನೀನು. ನಾನು ಬಾಯಿ ತೆರೆಯುವ ಮೊದಲೇ, "ಹೋಗ್ಲಿ ಬಿಡ್ರಿ, ಇವು ತಾಂತ್ರಿಕ ವಿಷಯ ಅವ," ಅಂದು ಹಾಳೆ ತಿರುವಿದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು, "ಆಕಿಗೇನ್ ಗೊತ್ತಾಗತೈತ್ರಿ ಮೇಡಂ," ಅಂದು ನಕ್ಕರು. ನೀನೂ ನಕ್ಕೆ. ಆ ನಗು ನನಗೆ ಗೊತ್ತಿರುವ ನಗುವಾಗಿರಲಿಲ್ಲ.

ಅಮಸಿದ್ದನನ್ನು ಹೊರಗೆ ಬೇವಿನ ಗಿಡದ ಕೆಳಗೆ ಒಂದೂವರೆ ತಾಸು ನಿಲ್ಲಿಸಿದೆ. ಒಳಗೆ ಕರೆದು ಹೆಬ್ಬೆಟ್ಟು ಒತ್ತಿಸಿಕೊಂಡೆ. ಅವನಿಗೆ ಸಹಿ ಮಾಡಲು ಬರುತ್ತದೆ, ನಾನೇ ಕಂಡಿದ್ದೇನೆ. ಹೆಬ್ಬೆಟ್ಟು ಯಾಕೆ ಒತ್ತಿಸಿದೆ? ಓದಲು ಬಾರದವನು ಅಂತ ತೋರಿಸಲಿಕ್ಕೋ?

ವರದಿಯಲ್ಲಿ ಏನು ಬರೆದೆ, ಹೇಳು. ನಾನು ಹೇಳಬೇಕಾದದ್ದನ್ನು ಹೇಳಲು ಬಿಡದೆ ಹೋದೆಯಲ್ಲ, ಅದು ಯಾಕೆ ಅಂತಲಾದರೂ ಹೇಳು.

ಸುವರ್ಣಾ


ಮುದ್ದೇಬಿಹಾಳ
20 ಜೂನ್ 2024

ಸುವೀ,

ಬೈಯಿ. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ. ಆದರೆ ಪೂರ್ತಿ ಓದು.

ತನಿಖೆಗೆ ನನ್ನ ಹೆಸರು ಹಾಕಿದ್ದು ಜಿಲ್ಲೆಯವರು. ಅಧ್ಯಕ್ಷೆ ನನ್ನ ಗೆಳತಿ ಅಂದರೆ ಬೇರೆಯವರನ್ನು ಕಳಿಸುತ್ತಿದ್ದರು. ಬೇರೆಯವರು ನಿನ್ನನ್ನು ಮಾತಾಡಿಸುತ್ತಿದ್ದರು, ನೀನು ಎಲ್ಲವನ್ನೂ ಹೇಳುತ್ತಿದ್ದೆ. ಆಮೇಲೆ ಪೊಲೀಸ್ ಕೇಸು, ಪೇಪರು, ನಿನ್ನ ಮಕ್ಕಳ ಸಾಲೆ. ಅದಕ್ಕೇ ಸುಮ್ಮನೆ ಒಪ್ಪಿಕೊಂಡು ಬಂದೆ.

ವರದಿಯಲ್ಲಿ ನಿನ್ನ ಹೆಸರಿಲ್ಲ. 'ನೀರು ಪೂರೈಕೆ ಸಿಬ್ಬಂದಿಯು ಯಾವುದೇ ಮೇಲಧಿಕಾರಿಯ ಸೂಚನೆ ಇಲ್ಲದೆ ಸ್ವಯಂ ನಿರ್ಧಾರದಿಂದ ವಾಲ್ ತೆರೆದಿರುತ್ತಾನೆ' ಅಂತ ಬರೆದಿದ್ದೇನೆ. ಸುಳ್ಳು ಅನ್ನುತ್ತೀಯ. ಕಾಯ್ದೆ ಪ್ರಕಾರ ಸುಳ್ಳಲ್ಲ. ಸಿಬ್ಬಂದಿಗೆ ಬಾಯಿಂದ ಆದೇಶ ಕೊಡುವ ಅಧಿಕಾರ ಅಧ್ಯಕ್ಷರಿಗಿಲ್ಲ. ಸಭೆಯಲ್ಲಿ ಠರಾವಾಗಬೇಕು, ಪಿಡಿಒ ಜಾರಿ ಮಾಡಬೇಕು. ಅಧಿಕಾರ ಇಲ್ಲದವಳು ಆಡಿದ ಮಾತು ಆದೇಶವಾಗುವುದಿಲ್ಲ. ಕಾಗದದ ಮೇಲೆ ನೀನು ಆ ದಿನ ಏನೂ ಹೇಳಿಯೇ ಇಲ್ಲ ಸುವೀ.

ಇನ್ನೊಂದು ಮಾತು, ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಬರೆದು ಕೊಡಬೇಡ ಅಂದವಳು ನಾನು. ಅದು ನನ್ನ ಅಕ್ಷರದಲ್ಲಿ ನಿನ್ನ ಹತ್ತಿರ ಇದೆ. ಹೌದು, ನನಗೂ ಹೆದರಿಕೆ. ಇನ್ನೂ ಇಪ್ಪತ್ತು ವರ್ಷ ನೌಕರಿ ಇದೆ, ಬಸವನ ಬಾಗೇವಾಡಿಯಲ್ಲಿ ತಂದೆಯವರು ಹಾಸಿಗೆ ಹಿಡಿದಿದ್ದಾರೆ. ನಿನ್ನ ಕಾಗದಗಳನ್ನೆಲ್ಲ ಸುಟ್ಟಿದ್ದೇನೆ. ನನ್ನವನ್ನು ನೀನು ಸುಟ್ಟುಬಿಡು.

ಅಮಸಿದ್ದನಿಗೆ ಬೇರೆ ಎಲ್ಲಾದರೂ ಕೆಲಸ ಸಿಗುತ್ತದೆ. ಅಂಥವರಿಗೆ ಸಿಗುತ್ತದೆ.

ವಸುಧಾ


ಕರಿಮಡ್ಡಿ
28 ಜುಲೈ 2024

ವಸುಧಾ,

ನಿನ್ನ ಕಾಗದಗಳನ್ನು ಸುಡಲಿಲ್ಲ. ಹೆದರಬೇಡ, ಅವುಗಳಿಂದ ಏನೂ ಆಗಿಲ್ಲ. ನಡೆದದ್ದನ್ನು ಹೇಳುತ್ತೇನೆ.

ಜುಲೈ ಒಂಬತ್ತಕ್ಕೆ ಪಂಚಾಯ್ತಿ ಸಭೆ. ಅಮಸಿದ್ದನನ್ನು ಕೆಲಸದಿಂದ ತೆಗೆಯುವ ಠರಾವು. ಅದಕ್ಕೆ ಡೋಂಗಲ್ ನಡೆಯುವುದಿಲ್ಲ, ಅಧ್ಯಕ್ಷೆ ಕೂತು ಪುಸ್ತಕದಲ್ಲಿ ಕೈಯಿಂದ ಸಹಿ ಮಾಡಬೇಕು. ಹೀಗಾಗಿ ಆವತ್ತು ನನಗೆ ಹೊಸ ಸೀರೆ, ಬೊಲೆರೋ ಗಾಡಿ. ಪಿಡಿಒ ಎದ್ದು ನಿಂತು ನಮಸ್ಕಾರ ಮಾಡಿದರು. ಪೆನ್ನಿನ ಟೋಪಿಯನ್ನೂ ಅವರೇ ತೆಗೆದು ಕೊಟ್ಟರು.

ನಾನು ಪೆನ್ನು ಕೆಳಗಿಟ್ಟೆ. "ವಾಲ್ ಬಿಡು ಅಂತ ಹೇಳಿದಾಕಿ ನಾನು. ಅಮಸಿದ್ದ ಚೀಟಿ ಕೇಳಿದ, ನಾ ಕೊಡಲಿಲ್ಲ. ಚಂದವ್ವನ ಸಾವು ನನ್ನ ಮ್ಯಾಲ ಐತಿ. ತೆಗಿಯೂದಿದ್ರ ನನ್ನ ತೆಗೀರಿ," ಅಂದೆ.

ಬೈಯುತ್ತಾರೆ, ಹೊಡೆಯಲು ಬರುತ್ತಾರೆ ಅಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಮೊದಲು ಅಪ್ಪಾಸಾಬ ನಕ್ಕ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಕ್ಕರು. ನಮ್ಮ ಮನೆಯವರು ಗೋಡೆಗೆ ಆನಿಸಿದ ಬೆಂಚಿನ ಮೇಲಿಂದ, "ನಿನ್ನ ಮಾತಿಗಿ ಯಾರು ವಾಲ್ ಬಿಡ್ತಾರಲೇ?" ಅಂದರು. ಸಿಟ್ಟಿರಲಿಲ್ಲ ವಸುಧಾ. ನಿಜವಾಗಿಯೂ ಅವರಿಗೆ ನಂಬಿಕೆಯಾಗಲಿಲ್ಲ. ಯಾರೊಬ್ಬರಿಗೂ ಆಗಲಿಲ್ಲ. ನೀರು ಕೇಳಲು ಬಂದಿದ್ದ ಹೆಂಗಸರನ್ನು ಕರೆಸಿ ಕೇಳಿ ಅಂದೆ. "ಪಾಪ, ಮುದುಕಿ ಸತ್ತಾಗಿಂದ ಮನಸಿಗಿ ಹಚಗೊಂಡಾರ," ಅಂತ ಪಿಡಿಒ ಅಂದರು. 'ಅಧ್ಯಕ್ಷರು ಅಸ್ವಸ್ಥರಾದ ಕಾರಣ ಸಭೆಯಿಂದ ತೆರಳಿದರು' ಅಂತ ನಾನು ಅಲ್ಲೇ ಕೂತಿರುವಾಗ ಬರೆದರು. ಅಪ್ಪಾಸಾಬ ಸಭೆಯ ಅಧ್ಯಕ್ಷತೆ ವಹಿಸಿ ಸಹಿ ಹಾಕಿದ. ವರ್ಷಗಟ್ಟಲೆ ಮುಖ ನೋಡದ ಅವನೂ ನಮ್ಮ ಮನೆಯವರೂ ಆವತ್ತು ಒಂದೇ ತಟ್ಟೆಯಲ್ಲಿ ಚುರಮುರಿ ತಿಂದರು.

ನಾನು ಬಿಡಲಿಲ್ಲ. ನಡೆದದ್ದನ್ನೆಲ್ಲ ಬರೆದು, ಸಹಿ ಮಾಡಿ, ನಿನ್ನ ಕಾಗದಗಳನ್ನೂ ಜೋಡಿಸಿ, ಸಾಬೀರಾಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಒಂದು ಕಚೇರಿಯಲ್ಲಿ, ಇದು ಸಿಬ್ಬಂದಿ ವಿಷಯ, ನಮಗೆ ಬರುವುದಿಲ್ಲ ಅಂದರು. ಇನ್ನೊಂದರಲ್ಲಿ, ಅಧ್ಯಕ್ಷರ ಮೇಲೆ ಬೇರೆಯವರು ದೂರು ಕೊಟ್ಟರೆ ನೋಡಬಹುದು, ಅಧ್ಯಕ್ಷರೇ ತಮ್ಮ ಮೇಲೆ ಕೊಡಲಿಕ್ಕೆ ನಮೂನೆ ಇಲ್ಲ ಅಂದರು. ಮೂರನೆಯದರಲ್ಲಿ, ತನಿಖೆ ಮುಗಿದು ವರದಿ ಬಂದಿದೆಯಲ್ಲ ಅಂದರು, ನಿನ್ನ ವರದಿ. ನಿನ್ನ ಕಾಗದಗಳನ್ನು ಬಿಚ್ಚಲೂ ಇಲ್ಲ. "ಇವು ಖಾಸಗಿ ಪತ್ರ ಅದಾವ್ರೀ ಬಾಯಾರ, ಒಯ್ರಿ," ಅಂತ ತಿರುಗಿ ಕೊಟ್ಟರು. ಅಧಿಕಾರವನ್ನು ಅಷ್ಟು ಜನ ಹಂಚಿಕೊಂಡಿದ್ದೀರಿ, ನನ್ನ ತಪ್ಪನ್ನು ತೆಗೆದುಕೊಳ್ಳುವ ಅಧಿಕಾರ ಮಾತ್ರ ನಿಮ್ಮಲ್ಲಿ ಯಾರಿಗೂ ಇಲ್ಲ.

ನಿನ್ನೆ ಅಮಸಿದ್ದನನ್ನು ಹುಡುಕಿಕೊಂಡು ಹೋದೆ. ನೀನು ಹೇಳಿದಂತೆ ಅವನಿಗೆ ಕೆಲಸ ಸಿಕ್ಕಿದೆ. ಯಾರದೋ ನಿಂಬೆ ತೋಟದಲ್ಲಿ ದಿನಗೂಲಿಗೆ ಪಾತಿ ಮಾಡುತ್ತಿದ್ದ. ನನ್ನನ್ನು ಕಂಡು ಗುದ್ದಲಿ ಬಿಟ್ಟು, ತಲೆಯ ಟವೆಲ್ ತೆಗೆದು ಗಿಡದ ನೆರಳಲ್ಲಿ ಹಾಸಿದ. "ಕೂಡ್ರಿ ಅಕ್ಕಾವ್ರ," ಅಂದ. ನಾನು ಕೂರಲಿಲ್ಲ. ಸಭೆಯಲ್ಲಿ ಎಲ್ಲ ಹೇಳಿದೆ, ಯಾರೂ ನಂಬಲಿಲ್ಲ ಅಂತ ಹೇಳಿದೆ. ಕ್ಷಮಿಸು ಅಂದೆ. ಅತ್ತೆ. ಆವತ್ತು ಬಾಗಿಲ ಹಿಂದೆ ನಿಂತಿದ್ದೆ ಅಂತಲೂ ಹೇಳಿದೆ.

"ಗೊತ್ತಿತ್ರಿ. ಬಾಗಿಲ ಕೆಳಗ ಕಾಲುಂಗುರ ಕಾಣಸ್ತಿತ್ತು," ಅಂದ.

ನನ್ನ ಹೆಸರು ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವನು ಕೂತು ಕೈಯ ಮಣ್ಣು ಉಜ್ಜಿಕೊಂಡ.

"ಹದಿನಾಕು ವರ್ಷ ವಾಲ್ ತಿರಿವಿದ್ನಿರಿ. ಅಲ್ಲಿ ಬಿಡು ಇಲ್ಲಿ ಬಿಡು ಅಂತ ಎಲ್ಲಾರೂ ಹೇಳವ್ರ. ನಿಮ್ಮ ಮಾವನವ್ರು ಹೇಳ್ಯಾರ, ಅಪ್ಪಾಸಾಬ ಹೇಳ್ಯಾನ, ಸಾಹೇಬ್ರು ಹೇಳ್ಯಾರ. ಎಲ್ಲಾರಿಗೂ ಹ್ಞೂಂ ಅಂದು, ಪೈಪು ನೋಡಿ ಬಿಡಾಂವ ನಾನು. ಆವತ್ತ ಹೊಲಸ ಹೊಕ್ಕತೈತಿ ಅಂತ ನಂಗ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಾಂವ ನಾನು, ನಿಮ್ಮ ಹೆಸರು ಹ್ಯಾಂಗ ಹೇಳ್ಲಿ? ಬ್ಯಾರೇದವ್ರು ಹೇಳಿದ್ರ ಹ್ಞೂಂ ಅಂದು ಮನೀಗಿ ಹೋಗಿ ಮಲಗ್ತಿದ್ನಿ."

"ಮತ್ತ ನನ್ನ ಮಾತು ಯಾಕ ಕೇಳಿದಿ?"

"ನೀವು ಓದಿದವ್ರು, ಮೋಸ ಇಲ್ಲದವ್ರು. ಇವರ ಮಾತಿಗಿ ಒಂದೀಟು ತೂಕ ಇರ್ಲಿ, ಒಬ್ಬಾಂವರ ಕೇಳೋಣು ಅಂತ ಕೇಳಿದ್ನಿರಿ." ಎದ್ದು ಗುದ್ದಲಿ ತೆಗೆದುಕೊಂಡ. "ತಪ್ಪಾತ್ರಿ ಅಕ್ಕಾವ್ರ. ಕೇಳಬಾರದಿತ್ತು."

ಸುವರ್ಣಾ